ನಾನು ಕೂತರೆ ನಡುಗುವ ವಿಮಾನ

ಮರಳಿನ ಮೂಟೆ ಕೂತರೆ ನಡುಗದ ವಿಮಾನ, ನಾನು ಕೂತರೆ ನಡುಗುತ್ತದೆ. ಇದು ಗಾದೆಯಲ್ಲ. ಮೊನ್ನೆ ಪ್ರಯೋಗ ಮಾಡಿಯೇ ಕಂಡುಕೊಂಡ ಸತ್ಯ.

ನಾನು ವಿಮಾನ ಏಕೆ ಹತ್ತಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. (ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟನ್ನು ಬೇರೆಯವರಿಗೆ ಬಿಟ್ಟುಕೊಡುವ ಮನುಷ್ಯ ನಾನು.)

ನನ್ನ ಊರು ನಂಜನಗೂಡು. ಹೆಂಡತಿ ರತ್ನ ಟಿ. ನರಸೀಪುರದ ಹತ್ತಿರದ ಮೂಗೂರಿನವಳು. ನಮ್ಮದು ಕಪಿಲೆ, ಅವಳದು ಕಾವೇರಿ. ಮದುವೆಯಾದ ಹೊಸದರಲ್ಲೇ ಅವಳೊಂದು ಮಾತು ಎತ್ತಿದಳು.

“ಎಣ್ಮಕ್ಳು ಗಂಡನ ಮನೆಗೆ ಬಂದು ಸೇರ್ಕತೀವಿ, ಸರಿ. ನಿಮ್ಮೂರ್ ಒಳೆ ನೋಡಿ, ತಾನಾಗೇ ನಮ್ ಕಡೀಕೆ ಬಂದು ಕಾವೇರಿಗೆ ಸೇರ್ಕಂಡು ಹೆಸ್ರೂ ಕಳ್ಕಂತು!”

ನಾನು ಬಿಡುತ್ತೇನೆಯೇ? ಸೇರುವುದು ಎಂದರೆ ಇಬ್ಬರೂ ಸೇರುವುದು, ಕಪಿಲೆಯೊಬ್ಬಳೇ ನಡೆದು ಹೋಗಿದ್ದಲ್ಲ ಎಂದೆ. “ಮೇಲಿಂದ ನೋಡುದ್ರೆ ಗೊತ್ತಾಯ್ತದೆ, ಯಾರು ತಿರುಗಿ ಯಾರತ್ರ ಓದ್ರು ಅಂತ” ಎಂದಳು. ಮೇಲೆ ಹೋಗಿ ನೋಡುವವರು ಯಾರು? ಹಾಗಾಗಿ ಆ ವಾದ ನಮ್ಮ ಮದುವೆಯಷ್ಟೇ ಕಾಲ ಬಾಳಿತು. ಕೊನೆಕೊನೆಗೆ ಮೊಬೈಲಿನಲ್ಲಿ ಮ್ಯಾಪ್ ತೆಗೆದು ತೋರಿಸಿದ್ದೆ. “ಇದು ಯಾರೋ ಎಳೆದಿರೋ ಗೆರೆ, ನೀರಲ್ಲ” ಎಂದು ಕೇಸು ವಜಾ ಮಾಡಿದಳು.

ಹೋದ ವರ್ಷ ರತ್ನ ಹೋದಳು. ಅಸ್ಥಿ ಬಿಟ್ಟದ್ದು ಟಿ. ನರಸೀಪುರದ ಅದೇ ಸಂಗಮದಲ್ಲಿ. ಆ ದಿನ ನಾನು ತಲೆ ಎತ್ತಿ ನೀರು ನೋಡಲಿಲ್ಲ. ಪುರೋಹಿತರು ಹೇಳಿದ ಕಡೆ ಕೈ ಚಾಚಿದೆ, ಹೇಳಿದಾಗ ಮುಳುಗಿ ಎದ್ದೆ, ಒದ್ದೆ ಬಟ್ಟೆ ಹಿಂಡಿಕೊಂಡು ಬಸ್ಸು ಹತ್ತಿದೆ. ಅವಳನ್ನು ಎಲ್ಲಿ ಬಿಟ್ಟು ಬಂದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಆ ಜಾಗವನ್ನು ಒಮ್ಮೆ ಸರಿಯಾಗಿ ನೋಡಬೇಕು, ಅವಳು ಹೇಳಿದ ಹಾಗೆ ಮೇಲಿನಿಂದಲೇ ನೋಡಬೇಕು ಎಂಬುದು ವರ್ಷವೆಲ್ಲ ತಲೆಯಲ್ಲಿ ಕೊರೆಯುತ್ತಿತ್ತು.

ನನ್ನ ತಂಗಿ ಶಿವಮ್ಮನ ಮಗಳು ರಶ್ಮಿ ಪೈಲಟ್. ಬಿಳಿಗೆರೆ ಕಡೆ, ಹೊಲಗಳ ನಡುವೆ, ಖಾಸಗಿಯವರ ಒಂದು ಚಿಕ್ಕ ಏರ್‌ಸ್ಟ್ರಿಪ್‌ನಲ್ಲಿ ಅವಳ ಕೆಲಸ. ಒಂದು ರನ್‌ವೇ, ಒಂದು ತಗಡಿನ ಶೆಡ್ಡು, ಎರಡು ಸೀಟಿನ ಒಂದು ವಿಮಾನ. ಅದರ ಮೈಗೆ ಬಿಗಿದಿರುವುದು ಗಟ್ಟಿ ಬಟ್ಟೆ. ಬೆರಳಿನಿಂದ ತಟ್ಟಿದರೆ ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಸದ್ದು ಬರುತ್ತದೆ.

“ಬನ್ನಿ ಮಾವ, ಸಂಗಮ ತೋರಿಸ್ಕೊಂಡು ಬರ್ತೀನಿ. ಮೇಲೆ ಚಳಿ ಇರುತ್ತೆ, ಏನಾದ್ರೂ ಹೊದ್ಕೊಂಡು ಬನ್ನಿ” ಎಂದಳು ರಶ್ಮಿ. ಬೀರುವಿನಲ್ಲಿ ಕೈಗೆ ಸಿಕ್ಕಿದ್ದು ರತ್ನನ ಹಸಿರು ಶಾಲು. ಅದನ್ನೇ ಹೊದ್ದು ಹೋದೆ.

ವಿಮಾನ ಓಡಿತು, ಎದ್ದಿತು. ಹೊಲಗಳು ಚೌಕಚೌಕವಾಗಿ ಕೆಳಗೆ ಸರಿದವು. ನಂಜನಗೂಡಿನ ಗೋಪುರ ಕಂಡಿತು. ‘ಅಯ್ಯೋ, ಇಷ್ಟು ಸುಲಭವಾ’ ಎಂದುಕೊಳ್ಳುವಷ್ಟರಲ್ಲಿ ಶುರುವಾಯಿತು ನೋಡಿ. ದಡದಡ, ದಡದಡ. ಸೀಟು ನಡುಗಿತು, ತೊಡೆ ನಡುಗಿತು, ಹಲ್ಲು ಹಲ್ಲಿಗೆ ತಾಗಿತು. ರಶ್ಮಿ ತಕ್ಷಣ ವಿಮಾನ ತಿರುಗಿಸಿದಳು. ಟಿ. ನರಸೀಪುರ ಇನ್ನೂ ದೂರವಿತ್ತು.

ಇಳಿದ ಮೇಲೆ ಮೆಕ್ಯಾನಿಕ್ ಬಸವರಾಜು ಬಂದರು. ಚಿಕ್ಕಯ್ಯನಛತ್ರದವರು, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಅವರು ವಿಮಾನ ನೋಡುವ ಮೊದಲು ನನ್ನನ್ನೇ ವಿಚಾರಿಸಿಕೊಂಡರು.

“ನಡುಕ ಎಲ್ಲಿ ಗೊತ್ತಾಯ್ತು ಸಾ? ಕಾಲಲ್ಲಾ, ಸೊಂಟದಲ್ಲಾ, ಕೈಯಲ್ಲಾ?”

“ಬಲತೊಡೆಯಲ್ಲಿ ಜಾಸ್ತಿ.”

“ಮೊಬೈಲು ಜೇಬಲ್ಲಿ ವೈಬ್ರೇಟ್ ಆಯ್ತಿರ್ನಿಲ್ಲ ತಾನೇ?”

ತಮಾಷೆಯಲ್ಲ, ಗಂಭೀರವಾಗಿಯೇ ಕೇಳಿದರು. ನಾನು ಜೇಬು ಮುಟ್ಟಿ ನೋಡಿಕೊಂಡೆ.

ಆಮೇಲೆ ಅವರು ಕೆಲಸಕ್ಕೆ ಇಳಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಎಂಜಿನ್ನು ಕೂರಿಸಿದ ರಬ್ಬರುಗಳನ್ನು ಹಿಚುಕಿ ನೋಡಿದರು. ಪ್ರೊಪೆಲ್ಲರಿನ ಎರಡು ರೆಕ್ಕೆಗಳೂ ಒಂದೇ ಮಟ್ಟದಲ್ಲಿವೆಯೇ ಎಂದು ಅಳೆದರು. ಚಕ್ರ ತಿರುಗಿಸಿದರು. ಎಲ್ಲವೂ ಸರಿ. ಅವರೂ ರಶ್ಮಿಯೂ ಹಾರಿ ಬಂದರು. ನಡುಕವಿಲ್ಲ. ನನ್ನ ತೂಕದಿಂದ ಏನಾದರೂ ಹೆಚ್ಚುಕಡಿಮೆ ಆಗಿರಬಹುದೇ ಎಂದು ನನ್ನಷ್ಟೇ ಭಾರದ ಮರಳಿನ ಮೂಟೆಗೆ ಬೆಲ್ಟು ಕಟ್ಟಿ ಕೂರಿಸಿಕೊಂಡು ರಶ್ಮಿ ಹಾರಿದಳು. ಮೂಟೆ ಆರಾಮವಾಗಿ ಹೋಗಿ ಆರಾಮವಾಗಿ ಬಂತು.

“ಮರಳಿಗಿಲ್ದಿದ್ ನಡುಕ ನಿಮಗ್ಯಾಕೆ ಸಾ?” ಎಂದರು ಬಸವರಾಜು.

ಈ ಪ್ರಶ್ನೆ ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಏಕೆಂದರೆ ಇದು ಹೊಸದಲ್ಲ. ಹೆಂಡತಿ ಹೋದವನನ್ನು ಊರೇ ಮೆಕ್ಯಾನಿಕ್ಕಾಗಿ ಬಿಚ್ಚಿ ನೋಡುತ್ತದೆ. ಊಟ ಬಿಟ್ಟರೆ ಸಕ್ಕರೆ ಟೆಸ್ಟು. ಮಾತು ಬಿಟ್ಟರೆ ಬಿಪಿ. ಸಂಜೆ ಸುಮ್ಮನೆ ಜಗಲಿಯಲ್ಲಿ ಕೂತರೆ “ಕಾಶಿಗೊಂದ್ಸಲ ಓಗ್ಬನ್ನಿ.” ಒಬ್ಬರಂತೂ ಮನೆಯ ಬಾಗಿಲಿನ ದಿಕ್ಕೇ ಸರಿಯಿಲ್ಲ ಎಂದರು. ಇಷ್ಟು ಜನ ಹೇಳಿದ ಮೇಲೆ ನನಗೂ ಅನುಮಾನ. ನಡುಗಿದ್ದು ವಿಮಾನವೋ, ನಾನೋ? ಅವಳನ್ನು ಬಿಟ್ಟು ಬಂದ ಜಾಗ ನೋಡುವ ಧೈರ್ಯ ನನಗೆ ಇಲ್ಲವೇ ಇಲ್ಲವೇನೋ?

ಇನ್ನೊಂದು ಸಲ ನೋಡೋಣ ಎಂದು ಹೋದೆ. ಈ ಸಲ ಶಿವಮ್ಮನೂ ಬುತ್ತಿ ಕಟ್ಟಿಕೊಂಡು ಬಂದಳು. ಅವಳನ್ನು ಶೆಡ್ಡಿನ ಹತ್ತಿರ ನಿಲ್ಲಿಸಿ ನಾವು ಹತ್ತಿದೆವು.

ವಿಮಾನ ನಿಧಾನಕ್ಕೆ ರನ್‌ವೇ ಕಡೆ ಹೊರಟಿತು. ಶಿವಮ್ಮ ಎರಡೂ ಕೈ ಎತ್ತಿ ಬೀಸಿದಳು.

“ನಿಮ್ಮಮ್ಮನಿಗೆ ಎಷ್ಟು ಖುಷಿ ನೋಡು” ಎಂದೆ. ಇಬ್ಬರೂ ಕೈ ಬೀಸಿದೆವು.

ಅವಳು ಸೆರಗು ಸಿಕ್ಕಿಸಿಕೊಂಡು ಓಡಿ ಬರತೊಡಗಿದಳು. ನಾವು ಇನ್ನೂ ಜೋರಾಗಿ ಕೈ ಬೀಸಿದೆವು. ಅವಳು ಕುಣಿದಳು. ರಶ್ಮಿ ಫ್ಲೈಯಿಂಗ್ ಕಿಸ್ ಕೊಟ್ಟಳು. ಎಂಜಿನ್ನಿನ ಸದ್ದಿನಲ್ಲಿ ಇನ್ನೇನೂ ಕೇಳಿಸುವಂತಿರಲಿಲ್ಲ.

ಮೇಲೇರಿದ್ದೇ ತಡ, ಮತ್ತೆ ದಡದಡ.

“ಮಾವ, ಭಯ ಆಗ್ತಿದ್ರೆ ಹೇಳಿ. ಅದರಲ್ಲಿ ನಾಚ್ಕೆ ಏನಿಲ್ಲ” ಎಂದಳು ರಶ್ಮಿ ಮೆಲ್ಲಗೆ. ನಾನು ಕೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡೆ. ನಡುಗುತ್ತಿದ್ದವು. (ಸೀಟೇ ನಡುಗುವಾಗ ಕೈ ಇನ್ನೇನು ಮಾಡುತ್ತದೆ ಎಂಬುದು ಆಗ ಹೊಳೆಯಲಿಲ್ಲ.) “ಸಾಕಮ್ಮ, ಇಳಿಸಿಬಿಡು. ಇನ್ನು ಬೇಡ” ಎಂದೆ.

ಇಳಿದು ವಿಮಾನ ನಿಂತಿತು, ಪ್ರೊಪೆಲ್ಲರೂ ನಿಂತಿತು. ನಾನು ಬಾಗಿಲಿಗೆ ಕೈ ಹಾಕುವ ಮೊದಲೇ ಶಿವಮ್ಮ ಏದುಸಿರು ಬಿಡುತ್ತಾ ಬಂದು ನಿಂತಳು.

“ಬಾಗ್ಲು ತೆಗೀಬೇಡ ಕಣಣ್ಣ! ಅಂಗೇ ಕೂತ್ಕೊ! ಬಸವರಾಜಣ್ಣೋ, ಬನ್ನಿ ಇಲ್ಲಿ, ಬಂದು ನೋಡಿ!”

ಬಸವರಾಜು ಬಂದರು. ಬಾಗಿಲಿನ ಕೆಳಗೆ ಬಗ್ಗಿ ನೋಡಿದರು. ಸೊಂಟಕ್ಕೆ ಕೈ ಕೊಟ್ಟು ನಿಂತುಬಿಟ್ಟರು.

ನಾನು ಈ ಸಲವೂ ಹೊದ್ದಿದ್ದ ಶಾಲಿನ ತುದಿ ಬಾಗಿಲಿಗೆ ಸಿಕ್ಕಿ ಒಂದು ಮೊಳ ಹೊರಗೆ ಜೋತಾಡುತ್ತಿತ್ತು. ಅದಕ್ಕೆ ಗಂಟುಗಂಟಾಗಿ ಕಟ್ಟಿದ ಕುಚ್ಚುಗಳು. ಗಾಳಿಯ ರಭಸಕ್ಕೆ ಅವು ವಿಮಾನದ ಮೈಯನ್ನು ಬಡಿದ ಬಡಿತಕ್ಕೆ ಅರ್ಧ ನೂಲಾಗಿ ಹೋಗಿದ್ದವು. ಮೊದಲ ಸಲವೂ ಆದದ್ದು ಇದೇ. ಆವತ್ತು ನಾನು ಬಾಗಿಲು ತೆಗೆದು, ಶಾಲು ಎಳೆದುಕೊಂಡು, ಸಾಕ್ಷ್ಯವನ್ನು ಹೆಗಲ ಮೇಲೆ ಹಾಕಿಕೊಂಡೇ ಬಸವರಾಜು ಮುಂದೆ ನಿಂತಿದ್ದೆ!

“ನಾನಿಲ್ಲಿ ಗಂಟ್ಲು ಅರ್ಕಂಡು ಕೂಗ್ತಿದ್ರೆ ನೀವಿಬ್ರೂ ಟಾಟಾ ಮಾಡ್ಕಂಡು ಓದ್ರಲ್ಲ! ಪೈಲಟ್ ಅಂತೆ, ಪೈಲಟ್ಟು!” ಶಿವಮ್ಮ ಮಗಳ ಕಡೆ ತಿರುಗಿದಳು. ರಶ್ಮಿ ಹಣೆ ಹಿಡಿದುಕೊಂಡಳು. ಬಾಗಿಲು ಸರಿಯಾಗಿ ನೋಡಬೇಕಾಗಿದ್ದವಳು ಅವಳೇ.

“ಎಂಜಿನ್ನೇ ಬಿಚ್ಚಾಕಂಡು ಕೂತಿದ್ನಲ್ಲ ಸಾ ನಾನು!” ಬಸವರಾಜು ತಲೆ ಕೆರೆದುಕೊಂಡರು. “ಆ ಮರಳು ಮೂಟೆಗೂ ಒಂದ್ ಶಾಲು ಒದಿಸ್ಬೇಕಾಗಿತ್ತು.”

ಶಿವಮ್ಮ ಶಾಲಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಗುರುತು ಸಿಕ್ಕಿತು.

“ಇದು ಅತ್ಗೇದಲ್ವಾ? ಅವಳ್ನ ಆಚೆ ಬುಟ್ಟು ನೀವು ಬಾಗ್ಲಾಕಂಡು ಓದ್ರೆ, ಬಡೀದೆ ಸುಮ್ಕಿರ್ತಳಾ?”

ಎಲ್ಲರೂ ನನ್ನ ಮುಖ ನೋಡಿದರು. ಮೊದಲು ನಕ್ಕವನು ನಾನೇ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೀಟಿನ ಬೆಲ್ಟು ಇನ್ನೂ ಕಟ್ಟಿಕೊಂಡೇ ಇದ್ದುದರಿಂದ ನಗಲು ಸ್ವಲ್ಪ ಕಷ್ಟವಾಯಿತು, ಅಷ್ಟೇ.

ಆಗ ಅನ್ನಿಸಿತು, ನನ್ನೊಳಗಿನ ಎಂಜಿನ್ನೂ ಸರಿಯಾಗಿಯೇ ಇದೆ. ಯಾವುದೋ ಒಂದು ತುದಿ ಹೊರಗೆ ಉಳಿದುಕೊಂಡು ಬಡಿಯುತ್ತಿದೆ. ಅದಕ್ಕೆ ಬಿಪಿ ಮಾತ್ರೆ ಏನು ಮಾಡೀತು? ಸುತ್ತಲಿನವರೂ ಒಳ್ಳೆಯದಕ್ಕೇ ಕೂಗುತ್ತಾರೆ ಬಿಡಿ. ಆದರೆ ಶಿವಮ್ಮನ ಹಾಗೆ ಏನು ಸಿಕ್ಕಿಹಾಕಿಕೊಂಡಿದೆ ಎಂದು ನೋಡಿ ಕೂಗುವವರು ಎಷ್ಟು ಜನ?

ಬುತ್ತಿಯ ಚಿತ್ರಾನ್ನ ತಿಂದು ಮತ್ತೆ ಹತ್ತಿದೆ. ಬಸವರಾಜು ಶಾಲನ್ನು ತಾವೇ ಮಡಚಿ ನನ್ನ ಮಡಿಲಲ್ಲಿಟ್ಟರು. ಬಾಗಿಲು ಹಾಕಿ, ಸುತ್ತಲೂ ಬೆರಳಾಡಿಸಿ ನೋಡಿದರು. ಶಿವಮ್ಮ ಕೈ ಬೀಸಿದಾಗ ರಶ್ಮಿ ವಿಮಾನ ನಿಲ್ಲಿಸಿ, ಕಿಟಕಿ ತೆರೆದು, “ಈಗೇನಮ್ಮ?” ಎಂದು ಕೂಗಿದಳು. “ಈಗ ಬರೀ ಟಾಟಾ ಕಣೇ, ಓಗು!” ಎಂದಳು ಶಿವಮ್ಮ.

ನಡುಕವಿಲ್ಲ. ಕಪಿಲೆಯ ಮೇಲೆಯೇ ಹಾರಿದೆವು. ಗದ್ದೆ, ತೆಂಗು, ಕಬ್ಬು, ನಡುವೆ ಹೊಳೆಯುವ ನೀರು. ಆಮೇಲೆ ರಶ್ಮಿ ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸಿ, “ನೋಡಿ ಮಾವ” ಎಂದಳು.

ನೋಡಿದೆ. ಸಂಗಮದ ಮೆಟ್ಟಿಲುಗಳು. ಮರಳಿನ ಮೇಲೆ ಯಾರೋ ಒಣಹಾಕಿದ ಬಟ್ಟೆಗಳು. ದಡದಲ್ಲಿ ಒಂದು ತೆಪ್ಪ. ನಾನು ಕೈ ಚಾಚಿದ್ದ ಜಾಗ. ಇನ್ನು ಯಾರಾದರೂ ಕೇಳಿದರೆ, ಇಲ್ಲಿ ಎಂದು ಬೆರಳಿಟ್ಟು ತೋರಿಸಬಲ್ಲೆ.

ಹೊಳೆಗಳನ್ನೂ ನೋಡಿದೆ. ಕಾವೇರಿ ತನ್ನ ಪಾಡಿಗೆ ತಾನು ಬರುತ್ತಿದ್ದಳು. ತಿರುಗಿ ಅವಳ ಹತ್ತಿರ ಹೋಗುತ್ತಿದ್ದವಳು ನಮ್ಮ ಕಪಿಲೆಯೇ. ರಶ್ಮಿಯಿಂದ ಇನ್ನೊಂದು ಸುತ್ತು ಹಾಕಿಸಿ ಆ ಕಡೆಯಿಂದಲೂ ನೋಡಿದೆ. ಆ ಕಡೆಯಿಂದಲೂ ಹಾಗೆಯೇ ಇತ್ತು.

ಇಳಿದಾಗ ಶಿವಮ್ಮ ಕೇಳಿದಳು, “ಏನಣ್ಣ, ಯಾರ್ ಗೆದ್ರು?”

“ನಿಮ್ಮತ್ತಿಗೆ.”

“ಇದ್ನ ಮನೇಲೇ ಒಪ್ಕಂಡಿದ್ರೆ ಪೆಟ್ರೋಲಾದ್ರೂ ಉಳೀತಿತ್ತು” ಎಂದು ಬುತ್ತಿಯ ಡಬ್ಬಿ ಎತ್ತಿಕೊಂಡಳು.

ನಾನಂತೂ ಆಕಾಶಕ್ಕೆ ಹೋಗಿ ಸೋಲೊಪ್ಪಿಕೊಂಡು ಬಂದೆ. ಕೇಳಿಸಿಕೊಳ್ಳುವವಳು ಇನ್ನೂ ಅಡುಗೆಮನೆಯಲ್ಲೇ ಇರುವ ಪುಣ್ಯವಂತರೇ, ನೀವು ಯಾವ ಎತ್ತರಕ್ಕೇರಲು ಕಾಯುತ್ತಿದ್ದೀರಿ?