ಬಿಚ್ಚದ ಉಡಿ ಅಕ್ಕಿ

ವಾಡಿ ಸ್ಟೇಷನ್ನಿಗೆ ಮಧ್ಯಾಹ್ನದ ಗಾಡಿ ಬಂತಂದ್ರ ಈಗೂ ನನ್ನ ಕಿವಿ ಬಾಗಿಲ ಕಡಿಗೇ. ನಮ್ಮ ಅಂಗಳದ ಫರ್ಸಿಗಲ್ಲಿನ ಮ್ಯಾಲ ಬರಿಗಾಲಿನ ಸಪ್ಪಳ ಬರ್ತದ. ಹೋಗಿ ನೋಡಿದ್ರ ಯಾರೂ ಇರೂದಿಲ್ಲ.

ನಮ್ಮ ಮನ್ಯಾಗಿನವರು ಜೀಪ್ ಓಡಿಸ್ತಾರ. ಭೀಮಾ ದಂಡಿಯ ಹಳೇ ಸ್ತೂಪಕ್ಕ ಶ್ರೀಲಂಕಾದಿಂದ ಬರೋ ಯಾತ್ರಿಕರನ್ನ ಒಯ್ದು, ಊಟಕ್ಕ ನಮ್ಮ ಮನಿಗೇ ಕರ್ಕೊಂಡು ಬರ್ತಿದ್ರು. ಅವರೊಳಗ ಒಬ್ಬಾಕಿ, ನನಗಿಂತ ಹಿರೇಕಿ, ರೊಟ್ಟಿ ಬಡಿಯೂದು ನೋಡ್ಕೋತ ಒಲಿ ಮುಂದನೇ ಕುಂತುಬಿಟ್ಟಿದ್ಲು. ಹೊಂಟಾಗ ಅಕಿಗಿ ಉಡಿ ತುಂಬಿದೆ: ಅಕ್ಕಿ, ಕೊಬ್ಬರಿ, ಕುಬಸದ ಖಣ. ಬಿಳಿ ಸೀರಿ ಉಟ್ಟಾಕಿಗಿ ಯಾರರ ಉಡಿ ತುಂಬ್ತಾರೇನು ಅಂತ ಬಾಜೂ ಮನ್ಯಾಕಿ ಕೈ ಹಿಡದ್ಲು. ಯಾತ್ರಿಗಿ ಅವರೆಲ್ಲ ಬಿಳೀನೇ ಉಡ್ತಾರ, ನಿನಗೇನು ತ್ರಾಸು ಅಂತ ಕೈ ಝಾಡಿಸಿಕೊಂಡೆ. ಉಡಿ ತುಂಬಿಸ್ಕೊಂಡ ಮಗಳು ತವರಿಗಿ ತಿರುಗಿ ಬರಬೇಕು ಅಂದೆ. ಅವರ ಜೋಡಿ ಬಂದಿದ್ದ ಗೈಡ್ ಅದನ್ನ ಅವರ ಮಾತಿನ್ಯಾಗ ಹೇಳ್ದ. ಅಕಿ ಎಲ್ಲಾ ಖಣದಾಗ ಕಟ್ಟಿ, ಆ ಗಂಟು ಎದಿಗಿ ಒತ್ಕೊಂಡ್ಲು.

ಮುಂದಿನ ಚಳಿಗಾಲಕ್ಕ ಬರಲಿಲ್ಲ. ಅವರೂರಿನವರು ಯಾರೂ ಬರಲಿಲ್ಲ. ಗೈಡಿಗಿ ಫೋನ್ ಹಚ್ಚಿದ್ರ, ಅವರ ದೇಶದ ರೊಕ್ಕದ ಬೆಲೆ ಬಿದ್ದುಹೋಗ್ಯಾದರಿ ಅಂದ. ಮೊದಲು ಇಲ್ಲಿಗಿ ಬಂದು ಹೋಗಾಕ ಸಾಲ್ತಿದ್ದ ರೊಕ್ಕ ಈಗ ಅರ್ಧಾ ದಾರಿಗೂ ಸಾಲೂದಿಲ್ಲ, ವಿಮಾನದ ಟಿಕೆಟ್ ತುಟ್ಟಿ, ಅಲ್ಲಿ ಅಕ್ಕೀನೂ ತುಟ್ಟಿ. ಥೈಲ್ಯಾಂಡಿನವರು ಬರಾಕತ್ತಾರ, ಅವರ ರೊಕ್ಕ ಗಟ್ಟಿ ಅದ. ನನಗ ಭಾಳ ಸಿಟ್ಟು ಬಂತು. ಯಾರ ಮ್ಯಾಲ ಮಾಡ್ಲಿ? ತವರಿಗಿ ಬರೂದು ಮಗಳ ಮನಸಿನ ಮಾತು ಅಂತ ತಿಳ್ಕೊಂಡಿದ್ದೆ, ನೋಡಿದ್ರ ಅದು ರೊಕ್ಕದ ಮಾತಂತ. ಥೈಲ್ಯಾಂಡಿನವರಿಗೂ ರೊಟ್ಟಿ ಬಡದೆ. ದಿನಾ ಒಂದು ಹೆಚ್ಚಿಗಿ ಬಡದು ಒಲಿ ಬಾಜೂ ಇಡ್ತಿದ್ದೆ.

ಅವರ ರೊಕ್ಕ ತುಸು ಚೇತರಿಸಿಕೊಂಡದಂತ. ಈ ಚಳಿಗಾಲದಾಗ ಫರ್ಸಿ ಮ್ಯಾಲ ಸಪ್ಪಳ ಬಂತು. ಬಿಳಿ ಸೀರಿ, ಅದೇ ನಡಿಗಿ. ಹಿಟ್ಟಿನ ಕೈಲೇ ಎದ್ದು ಬಾಗಿಲಿಗಿ ಓಡಿದೆ.

“ಎಷ್ಟು ತಡಾ ಮಾಡಿದ್ಯವ್ವಾ” ಅಂದುಬಿಟ್ಟೆ.

ಮುಖ ಎತ್ತಿದಾಗ ಗೊತ್ತಾತು, ಅಕಿ ಅಲ್ಲ, ಅಕಿ ಮಗಳು. ಚೀಲದಿಂದ ನನ್ನ ಖಣದ ಗಂಟು ತಗದು ಮುಂದಿಟ್ಲು. ತಾಯಿ ತೀರಿಕೊಂಡ್ಲು ಅಂತ ಗೈಡ್ ಹೇಳ್ದ. ಮನ್ಯಾಗ ಗಂಜಿಗೂ ಅಕ್ಕಿ ಇಲ್ಲದ ದಿನ ಸೈತ ಆ ಗಂಟು ಬಿಚ್ಚಾಕ ಬಿಡಲಿಲ್ಲಂತ. ಇದು ತೀರಿದ್ರ ನಾ ತವರಿಗಿ ಹ್ಯಾಂಗ ಹೋಗ್ಲಿ ಅಂತಿದ್ಲಂತ.

ಅಯ್ಯ ಯವ್ವಾ! ಉಡಿ ಅಕ್ಕಿ ಮನಿಗಿ ಒಯ್ದು, ಅನ್ನ ಮಾಡಿ ಉಣ್ಣಾಕ ಇರ್ತದ. ನಮ್ಮಲ್ಲಿ ಸಣ್ಣ ಹುಡುಗೀರಿಗೂ ಗೊತ್ತು. ಅದನ್ನ ಬಾಯಿಬಿಟ್ಟು ಹೇಳಬೇಕಂತ ನನಗ ಹೊಳೀಲೇ ಇಲ್ಲ. ನುಸಿ ಹಿಡದ ಅಕ್ಕಿ ಹಸನ ಮಾಡಿ ಅನ್ನಕ್ಕಿಟ್ಟೆ. ತಾಟು ಒಂದು ಹೆಚ್ಚಿಗಿ ಹಾಕ್ದೆ.

ಹೊಂಟಾಗ ಮಗಳು ತಾನಾಗೇ ಸೆರಗು ಒಡ್ಡಿದ್ಲು. ಉಡಿ ತುಂಬಿದೆ. ತಿರುಗಿ ಬಾ ಅನ್ನಲಿಲ್ಲ.

“ಮನಿ ಮುಟ್ಟಿದ ದಿನಾನೇ ಇದನ್ನ ಉಣ್ಣು ಅಂತ ಹೇಳಪಾ” ಅಂತ ಗೈಡಿಗಿ ಅಂದೆ.