ರೋಡಿಗಾಗಿ ಬಿಟ್ಟ ಗಡ್ಡ

ನಮ್ಮನಿಯವರ ಹೆಸರು ಕಲ್ಯಾಣಕುಮಾರ. ಗಂಡನ ಹೆಸರು ತಗೋಬಾರದು ಅಂತಾರ, ಖರೇ. ಆದ್ರ ಸಿಟ್ಟು ಬಂದಾಗ ನಾ ತಗೋತೇನಿ, ಮತ್ತ ಈ ಗಡ್ಡದ ಸುದ್ದಿ ಹೇಳೂವಾಗ ನನಗ ಸಿಟ್ಟು ಬರದ ಇರೂದಿಲ್ಲ.

ಆಳಂದ ಕಡಿ ಖಜೂರಿ ಊರಿಂದ ಒಳಗ, ಹೊಲದಾಗ ನಮ್ಮ ವಸ್ತಿ. ಹತ್ತಿಪ್ಪತ್ತು ಮನಿ ಅಷ್ಟ. ವಸ್ತಿಯಿಂದ ಖಜೂರಿ ಡಾಂಬರ್ ರೋಡಿನತನಕ ಇರೂದು ಎರಿ ಮಣ್ಣಿನ ದಾರಿ. ಬ್ಯಾಸಗ್ಯಾಗ ಧೂಳ, ಮಳಿಗಾಲದಾಗ ರಾಡಿ. ರಾಡಿ ಅಂದ್ರ ಅಂಥಿಂಥಾ ರಾಡಿ ಅಲ್ರೀ. ಕಾಲು ಕಿತ್ತಿದ್ರ ಬರೀ ಕಾಲು ಬರ್ತದ, ಚಪ್ಪಲ್ ಅಲ್ಲೇ ಉಳೀತದ. ನನ್ನ ಮಗಳು ಸೀಮಾ ಹತ್ತನೇತ್ತೆ ಚಲೋ ಪಾಸಾಗಿ ಆಳಂದ ಕಾಲೇಜಿಗಿ ಹೆಸರು ಹಚ್ಚಿದಳು. ಬಸ್ ಹಿಡೀಬೇಕಂದ್ರ ಈ ರಾಡ್ಯಾಗ ಖಜೂರಿತನಕ ನಡೀಬೇಕು. ಮಳಿ ಬಂದ ದಿನ ಪೋರಿ ಮೊಳಕಾಲುತನಕ ರಾಡಿ ಮಾಡ್ಕೊಂಡು ರೋಡಿಗಿ ಮುಟ್ಟೂದ್ರಾಗ ಬಸ್ ಹೋಗಿರ್ತಿತ್ತು.

ನಮ್ಮತ್ತಿ ಹಣಮವ್ವಗ ಇಷ್ಟ ಬೇಕಾಗಿತ್ತು. "ಯಾಕ ಪೋರಿಗಿ ರಾಡ್ಯಾಗ ತಿರಗಸ್ತೀರಿ? ಜೇವರ್ಗಿ ಕಡಿ ಮಂದಿ ಕೇಳಾಕತ್ತಾರ. ಲಗ್ನ ಮಾಡಿ ಕಳಿಸ್ರಿ" ಅಂತ ಶುರು ಮಾಡಿದಳು. ನಾ ಒಲ್ಲೆ ಅಂದೆ. ನಮ್ಮವರು ಅವ್ವನ ಕಡಿನೂ ಆಗಬೇಕು, ಹೇಣ್ತಿ ಕಡಿನೂ ಆಗಬೇಕು. "ಈ ಮಳಿಗಾಲ ಮುಗ್ಯೂದ್ರಾಗ ರೋಡ್ ಆತು ಅಂದ್ರ ಓದಲಿ, ಇಲ್ಲಂದ್ರ ಅವ್ವ ಹೇಳಿದಂಗ ಆಗಲಿ" ಅಂದ್ಬಿಟ್ರು. ಮಗಳ ಓದು ಹೋಗಿ ರಾಡ್ಯಾಗ ಸಿಗಬಿತ್ತು.

ಅದ ವಾರ ನಮ್ಮವರು ಖಜೂರಿ ಚಾದ ಅಂಗಡ್ಯಾಗ ನಾಕು ಮಂದಿ ಎದುರು ಟೇಬಲ್ ಕುಟ್ಟಿ, "ನಮ್ಮ ವಸ್ತಿಗಿ ರೋಡ್ ಆಗೂತನಕ ಗಡ್ಡ ತೆಗ್ಯಂಗಿಲ್ಲ! ದೇವರ ಆಣಿ!" ಅಂತ ಹರಕಿ ಹೊತ್ರು. ನಮ್ಮ ಕಡಿ ಹರಕಿ ಅಂದ್ರ ಸಣ್ಣ ಮಾತಲ್ಲ. ಬೇಡಿದ್ದು ಆಗೂತನಕ ಗಡ್ಡಕ್ಕ ಕತ್ತಿ ಹಚ್ಚಂಗಿಲ್ಲ. ಆತು ಅಂದ್ರ ದೇವರಿಗಿ ಹೋಗಿ ಬೋಳಿಸಿ ಕಾಯಿ ಒಡಸ್ತಾರ. ಹಂಗಾಗಿ ಹರಕಿ ಗಡ್ಡದಾಂವನ ಗದ್ದ ಬೋಳಾತು ಅಂದ್ರ ಮಂದಿ ಕೇಳಂಗಿಲ್ಲ, ಹರಕಿ ಮುಟ್ಟಿತು ಅಂತ ತಾವ ತಿಳ್ಕೋತಾರ.

ಮೊದಲ ನನಗೂ ಖುಷಿ ಆತು, ಸುಳ್ಳ್ಯಾಕ ಹೇಳಲಿ. ನನ್ನ ಗಂಡನೂ ಮಗಳಿಗಾಗಿ ಒಂದು ಕೆಲಸ ಮಾಡಿದ ಅಂತ.

ಗಡ್ಡ ಬೆಳೀತು. ಗಡ್ಡದ ಜೋಡಿ ನಮ್ಮವರೂ ಬೆಳದ್ರು. ಚಾದ ಅಂಗಡ್ಯಾಗ ಪುಕ್ಕಟ ಚಾ. ಲಗ್ನಕ್ಕ ಹೋದ್ರ ಮುಂದಿನ ಕುರ್ಚಿ. ಯಾರೋ ಪೇಪರಿನಾಂವ ಬಂದು ಫೋಟೋ ಹೊಡ್ಕೊಂಡು ಹೋದ, ಪೇಪರಿನಾಗ ಬಂತು. ಫೋಟೋದಾಗ ಗಡ್ಡ ಬರೋಬ್ಬರಿ ಬಂದಿತ್ತು, ರೋಡ್ ಬಂದಿದ್ದಿಲ್ಲ. ಅದನ್ನ ನೋಡಿ ನಮ್ಮವರು, "ಎಡಗಡಿ ಜರಾ ಕೆದರಿದಂಗ ಕಾಣಾಕತ್ತದಲ್ಲ" ಅಂದ್ರು. ಆ ಮಾತಿನಿಂದ ಮನಿ ಕೆಡ್ತು ನೋಡ್ರಿ.

ಮೊಬೈಲಿನಾಗ ನೋಡಿ ಒಂದು ಟ್ರಿಮ್ಮರ್ ತರಿಸಿದ್ರು. ಗಡ್ಡಕ್ಕ ಹಚ್ಚೂ ಎಣ್ಣಿ ಬ್ಯಾರೆ, ತಿಕ್ಕೂ ಬ್ರಶ್ ಬ್ಯಾರೆ. "ಹರಕಿ ಗಡ್ಡಕ್ಕ ಕತ್ತಿ ಹಚ್ತೀರೇನ್ರೀ?" ಅಂತ ಕೇಳಿದೆ. "ಇದು ಕತ್ತಿ ಅಲ್ಲ, ಕರೆಂಟ್. ಮತ್ತ ತೆಗಿಯೂದು ಬ್ಯಾರೆ, ತಿದ್ದೂದು ಬ್ಯಾರೆ" ಅಂದ್ರು. ದೇವರಿಗೂ ಕಾನೂನು ಹೇಳೂ ಗಂಡ ನನಗ ಸಿಕ್ಕಾನ.

ದಿನಾ ಮುಂಜಾನಿ ಅಂಗಳದಾಗ ಇದ ಪೂಜಿ. ಕಿಡಕಿ ಸಳಿಗಿ ಕನ್ನಡಿ ಸಿಗಸೂದು, ಕೊಳ್ಳಿಗಿ ನನ್ನ ಹಳೇ ಸೀರಿ ತುಂಡು ಕಟಗೊಳ್ಳೂದು. ಮೊದಲ ಬಿಸಿನೀರಾಗ ತೊಳೀಬೇಕು, ಆಮ್ಯಾಲೆ ಹಣಗಿ ಹಚ್ಚಬೇಕು, ಗಲ್ಲದ ಮ್ಯಾಲೆ ಗೆರಿ ಹೊಡೀಬೇಕು, ಗಂಟಲ ಕೆಳಗ ಮತ್ತೊಂದು ಗೆರಿ. ಎರಡೂ ಕಡಿ ಸಮ ಆತೋ ಇಲ್ಲೋ ಅಂತ ಒಮ್ಮೆ ನನಗ ಕರದು ತೋರಿಸೂದು, ಒಮ್ಮೆ ನಮ್ಮತ್ತಿಗಿ. ಆಳಂದಕ್ಕ ಹೋಗಿ ರೋಡಿನ ಅರ್ಜಿ ಕೊಟ್ಟು ಬರ್ರಿ ಅಂದ್ರ, "ಹೋಗ್ತೇನಿ ತಡಿ, ಇನ್ನೂ ಎಣ್ಣಿ ಒಣಗಿಲ್ಲ" ಅಂತಿದ್ರು. ಎಣ್ಣಿ ಒಣಗೂದ್ರಾಗ ಆಫೀಸ್ ಮುಚ್ಚತಿತ್ತು. ಅಲ್ಲಿ ಸೀಮಾ ಕೈಯಾಗ ಚಪ್ಪಲ್ ಹಿಡ್ಕೊಂಡು ರಾಡ್ಯಾಗ ಹೊಂಟಿರ್ತಿದ್ದಳು.

ಅಷ್ಟ್ರಾಗ ಪೇಪರ್ ನೋಡಿ ಮ್ಯಾಲಿನವರು ಕೇಳ್ಯಾರ, ರೋಡ್ ನೋಡಾಕ ಒಬ್ಬ ಸಾಹೇಬ ಬರಾಕತ್ತಾನ ಅಂತ ಸುದ್ದಿ ಬಂತು. ನಾ ಕುಣಿದಾಡೂದೊಂದು ಬಾಕಿ. ನಮ್ಮವರ ಮಾರಿ ಮಾತ್ರ ಇಳೀತು.

"ಇಷ್ಟು ಲಗೂನ ರೋಡ್ ಆಗಿಬಿಟ್ರ ಹ್ಯಾಂಗ?" ಅಂದ್ರು.

"ಹ್ಯಾಂಗ ಅಂದ್ರ? ರೋಡಿಗಲ್ಲೇನು ಗಡ್ಡ ಬಿಟ್ಟಿದ್ದು?"

"ಹೌದು ಖರೇ. ಈಗೀಗ ಒಂದು ಹದಕ್ಕ ಬಂದಿತ್ತು..." ಅಂತ ಗಡ್ಡ ನೀವಿಕೊಂಡ್ರು. ಆ ಹೊತ್ತಿನಾಗ ಕೈಯಾಗಿನ ಲಟ್ಟಣಗಿ ಎತ್ತಿ ಒಗಿಬೇಕು ಅನ್ನಿಸ್ತು. ಒಗೀಲಿಲ್ಲ, ಸೀಮಾ ಅಲ್ಲೇ ಇದ್ದಳು.

ಸಾಹೇಬ ಬರೂ ದಿನ ಮುಂಜಾನಿ ನಾ ರೊಟ್ಟಿ ಬಡಿಯಾಕತ್ತಿದ್ದೆ. ಅಂಗಳದಾಗ ಟ್ರಿಮ್ಮರ್ ಗುರ್ರ್ ಅಂತಿತ್ತು. ಒಮ್ಮಿಂದೊಮ್ಮೆಲೆ "ಅಯ್ಯಯ್ಯೋ ಶಿವಕಾಂತಾ, ಕೆಟ್ಟೆ!" ಅಂತ ನನ್ನ ಹೆಸರು ಹಿಡದು ಒದರಿದ್ರು. ಕೊಳ್ಳ ಕೊಯ್ಕೊಂಡ್ರೇನೋ ಅಂತ ಹಿಟ್ಟಿನ ಕೈಲೇ ಓಡಿ ಹೋದೆ. ಆಗಿದ್ದಿಷ್ಟ. ಸಿಗಬಿದ್ದ ಕೂದಲ ಊದಾಕಂತ ಟ್ರಿಮ್ಮರ್ ಬಾಯಿಗಿ ಇರೂ ಪ್ಲಾಸ್ಟಿಕ್ ಹಣಗಿ ತೆಗದಾರ, ಊದ್ಯಾರ, ಹಣಗಿ ಕಟ್ಟಿ ಮ್ಯಾಲೆ ಮರತು ಹಂಗ ಗಲ್ಲಕ್ಕ ಹಚ್ಚ್ಯಾರ. ಕಿವಿಯಿಂದ ಗದ್ದದತನಕ ಗಡ್ಡದ ನಡುವ ಒಂದು ರೋಡ್ ಬಿದ್ದಿತ್ತು!

"ಹಂಗ ಇರಲಿ ಬಿಡ್ರಿ, ಟಾವೆಲ್ ಸುತಗೋರಿ" ಅಂದೆ. ಕೇಳ್ತಾರೇನು? ಈ ಕಡಿಗಿ ಸಮ ಮಾಡಾಕ ಆ ಕಡಿ ತೆಗದ್ರು. ಆ ಕಡಿ ಜಾಸ್ತಿ ಹೋತು ಅಂತ ಮತ್ತ ಈ ಕಡಿ. ಹಿಂಗ ಸಮ ಮಾಡ್ತಾ ಮಾಡ್ತಾ ಗದ್ದದ ತುದಿಗಿ ಆಡಿನ ಗಡ್ಡದಷ್ಟು ಉಳೀತು. ಅದನ್ನ ನೋಡಿ ಅವರಿಗೇ ನಾಚಿಕಿ ಬಂದು ಅದನ್ನೂ ಒರಸಿಬಿಟ್ರು. ಲಗ್ನದಾಗ ನೋಡಿದ ಮಾರಿನೇ ಹೊರಗ ಬಂತು. ಗಿಡ್ಡ ಗದ್ದ, ದೊಡ್ಡ ಬಾಯಿ.

ಬಾಜೂ ಮನಿ ಬೀರಲಿಂಗಪ್ಪ ಕಾಕಾ ಅಂಗಳದಾಗ ಇಣುಕಿ ನೋಡಿದ. "ಹರಕಿ ಮುಟ್ಟಿತಾ! ನಮಗ ಹೇಳಬಾರದೇನಪ್ಪಾ?" ಅಂತ ಮನ್ಯಾಗಿನ ಕಾಯಿ ತಂದು ಹೊಸ್ತಿಲ ಮುಂದ ಒಡದೇ ಬಿಟ್ಟ. ಕಾಕಾನ ಎರಡೂ ಕಾಲು ಆಗ ಪಾದ ಕಾಣದಂಗ ರಾಡಿ ಆಗಿದ್ದವು. ಆದ್ರೂ ರೋಡ್ ಆಗ್ಯಾದ ಅಂತ ನಂಬಿದ. ಕಣ್ಣಿಗಿಂತ ಗದ್ದದ ಮ್ಯಾಲೆ ನಂಬಿಗಿ ಜಾಸ್ತಿ. ಅರ್ಧಾ ತಾಸಿನಾಗ ವಸ್ತಿ ತುಂಬ ಕೊಬ್ರಿ ಸಕ್ಕರಿ.

ಸಾಹೇಬನ ಜೀಪ್ ಡಾಂಬರ್ ರೋಡಿಗಿ ಬಂದು ನಿಂತಾಗ ನಾವು ಅಲ್ಲಿಗಿ ಹೋದೆವು, ಹಿಂದಿಂದ ಕೊಬ್ರಿ ಸಕ್ಕರಿ ಹಂಚ್ಕೋತ ವಸ್ತಿ ಮಂದಿನೂ ಬಂದ್ರು. ಸಾಹೇಬ ಪೇಪರಿನ ಫೋಟೋ ನೋಡಿದ, ನಮ್ಮವರ ಮಾರಿ ನೋಡಿದ.

"ನೀವೇನಾ ಆ ಗಡ್ಡದವರು?"

"ಹೌದ್ರೀ ಸಾಹೇಬ್ರ."

"ಹರಕೆ ತೀರಿತು ಅಂತ ಹಿಂದೆ ಸಿಹಿ ಹಂಚುತ್ತಿದ್ದಾರೆ. ಪೇಪರಿನಲ್ಲಿ ಗಡ್ಡ ಬಂತು ಅಂತ ಮೇಲಿನವರು ಕೇಳಿದರು. ಈಗ ಗಡ್ಡ ಇಲ್ಲ. ಇಲ್ಲದ ಗಡ್ಡಕ್ಕೆ ನಾನು ಏನಂತ ಬರೆಯಲಿ?" ಅಂತ ಸಾಹೇಬ ಜೀಪಿನಿಂದ ಇಳೀಲೂ ಇಲ್ಲ.

ನಮ್ಮವರು ಕೈ ಮುಗದ್ರು. "ಖರೇ ಅದ ಸಾಹೇಬ್ರ. ಮುಂದಿನ ಮಳಿಗಾಲಕ್ಕ ಬರ್ರಿ, ಅಷ್ಟ್ರಾಗ ಮತ್ತ ಬೆಳಿಸಿರ್ತೇನಿ."

ನನ್ನ ಕಣ್ಣಾಗ ನೀರು ಬಂತು, ಸಿಟ್ಟಿನಿಂದ. ಮುಂದಿನ ಮಳಿಗಾಲಕ್ಕ ನನ್ನ ಮಗಳು ಜೇವರ್ಗ್ಯಾಗ ಯಾರ ಮನ್ಯಾಗ ಭಾಂಡಿ ತಿಕ್ಕತಿರ್ತಾಳ? ನಾ ಸೆರಗು ಬಿಗಿ ಮಾಡಿ ಮುಂದ ಹೋದೆ. ಜಗಳ ತಗದ್ರ ಜೀಪ್ ಹೊಳ್ಳತದ ಅಂತ ಗೊತ್ತಿತ್ತು. ಅದಕ್ಕ ನಕ್ಕೋತ ಅಂದೆ, "ಇಷ್ಟು ದೂರ ಬಂದೀರಿ, ಚಾ ಕುಡೀದ ಹೋಗ್ತೀರೇನ್ರೀ ಅಣ್ಣಾ? ಬಿಸಿ ರೊಟ್ಟಿ ಆಗ್ಯಾವ. ಇಲ್ಲೇ ಅದ ಮನಿ, ಬರ್ರಿ."

ಅಣ್ಣಾ ಅಂದ ಮ್ಯಾಲೆ ಮಂದಿ ಎದುರು ಒಲ್ಲೆ ಅನ್ನಾಕ ಅವಗೂ ಆಗಲಿಲ್ಲ. ಜೀಪ್ ಒಳಗ ಬರಂಗಿಲ್ಲ, ಇಳಿದ. ನಾಕು ಹೆಜ್ಜಿಗಿ ಬೂಟು ಭಾರ ಆತು. "ಎಲ್ಲಿದೆಯಮ್ಮಾ ಮನೆ?" ಅಂದ. "ಇಲ್ಲೇರೀ ಅಣ್ಣಾ." ಪ್ಯಾಂಟ್ ಮಡಚಿದ, ಮತ್ತ ಕೇಳಿದ. "ಇಲ್ಲೇರೀ." ಅರ್ಧಾ ದಾರಿಗಿ ಸಣ್ಣ ಹಳ್ಳ ಬರ್ತದ. ಅಲ್ಲಿ ಅವನ ಎಡಗಾಲ ಬೂಟು ರಾಡ್ಯಾಗ ಹೋತು. ನಮ್ಮವರು ಮೊಳಕೈತನಕ ಕೈ ಹಾಕಿ ಹುಡುಕಿದ್ರು, ಸಿಗಲಿಲ್ಲ. ಸಾಹೇಬ ಒಂದೇ ಕಾಲಿನ ಮ್ಯಾಲೆ ನಮ್ಮವರ ಹೆಗಲ ಹಿಡ್ಕೊಂಡು ನಿಂತಿದ್ದ.

"ನನ್ನ ಮಗಳು ದಿನಾ ಇದ ದಾರಿಲೆ ಕಾಲೇಜಿಗಿ ಹೋಗ್ತಾಳ್ರೀ. ಅಕಿಗಿ ಗಡ್ಡ ಇಲ್ಲ, ಅದಕ್ಕ ಪೇಪರಿನಾಗ ಬಂದಿಲ್ಲ" ಅಂದೆ.

"ಸಾಕಮ್ಮಾ, ಸಾಕು. ಮಾಡಿಸ್ತೀನಿ. ನನ್ನನ್ನು ವಾಪಸ್ ಬಿಡಿ" ಅಂದ. ಬೆವತು ಹೋಗಿದ್ದ, ಪಾಪ ಅನ್ನಿಸ್ತು. ನಾ ಒಯ್ದಿದ್ದ ಬಾಟಲಿ ನೀರು ಕುಡಿಸಿ ಜೀಪಿನತನಕ ಬಿಟ್ಟು ಬಂದೆ.

ಖರೇನೇ ವಾರದಾಗ ಗರಸು ಮುರುಮಿನ ಟಿಪ್ಪರ್ ಬಂದವು. ರೋಲರ್ ಬಂತು. ಡಾಂಬರ್ ರೋಡಿನಿಂದ ಶುರು ಆಗಿ ಹಳ್ಳದತನಕ, ಬೂಟು ಹೋದ ಜಾಗದತನಕ ಬರೋಬ್ಬರಿ ರೋಡ್ ಆತು. ಅಲ್ಲಿಗಿ ನಿಂತಿತು. "ಮುಂದ?" ಅಂದ್ರ, "ಸಾಹೇಬ್ರು ನೋಡಿದ್ದು ಇಲ್ಲಿತನಕ" ಅಂತ ಹೇಳಿ ಹೋದ್ರು.

ಅರ್ಧಾ ರೋಡಿಗಿ ಏನು ಮಾಡೂದು ಅಂತ ನಮ್ಮತ್ತಿ ಮತ್ತ ನಮ್ಮವರು ಕುಂತು ಮಾತಾಡಿದ್ರು. ಹರಕಿ ಅರ್ಧಾ ಮುಟ್ಟ್ಯಾದ, ಅದಕ್ಕ ಬರೀ ಮೀಸಿ ಬಿಟ್ರ ಸಾಕು ಅಂತ ನಮ್ಮವರ ಲೆಕ್ಕ. ಜೇವರ್ಗಿ ಮಂದಿಗಿ ನಾ ಫೋನ್ ಮಾಡಿ, ಪೋರಿ ಓದಾಕತ್ತಾಳ ಅಂತ ಹೇಳಿ ಇಟ್ಟೆ. ಯಾರನ್ನೂ ಕೇಳಲಿಲ್ಲ. ಸೀಮಾ ಹಳ್ಳದತನಕ ಬರಿಗಾಲಿಲೆ ಹೋಗ್ತಾಳ, ಅಲ್ಲಿ ಕಾಲು ತೊಳಕೊಂಡು ಚಪ್ಪಲ್ ಹಾಕೊಂಡು ಓಡಿ ಬಸ್ ಹಿಡೀತಾಳ.

ಮುಂದ ಯಾವ ಸಾಹೇಬ ಬಂದ್ರೂ ಬರಲಿ. ನಮ್ಮ ಹೊಸ್ತಿಲಕ್ಕ ಕಾಲಿಡೂತನಕ ಒಂದು ಗುಟುಕು ನೀರು ಕೊಡಂಗಿಲ್ಲ.