ಬೆಸುಗೆಯ ಪಕ್ಕದ ಬಿರುಕು

ಕುಮಾಜಿ ಇಗಾವಾ ಜಪಾನಿನ ನಮ್ಮ ವಕಾಸಾ ಕಡಲತಡಿಯ ಬೆಸುಗೆಗಾರ. ಅಣುಸ್ಥಾವರ ಕಟ್ಟುವಾಗ ಒಳಗಿನ ಸ್ಟೀಲ್ ಕೊಳವೆಗಳನ್ನು ಜೋಡಿಸಿದವರಲ್ಲಿ ಅವನೂ ಒಬ್ಬ. ಈ ಸ್ಟೀಲಿಗೆ ತುಕ್ಕೇ ಇಲ್ಲ, ನಾವು ಸತ್ತ ಮೇಲೂ ಇರುತ್ತದೆ ಎಂದು ನನ್ನ ಊಟದಂಗಡಿಯಲ್ಲಿ ಸುಟ್ಟ ಬಂಗುಡೆ ತಿನ್ನುತ್ತಾ ಹೇಳುತ್ತಿದ್ದ.

ಕೆಲವು ವರ್ಷಗಳಲ್ಲೇ ಅವನ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಸಿಕ್ಕಿತು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಅದರ ಕಾವು ತಗುಲಿದ ಅಂಚನ್ನು ಒಳಗಿನ ಸುಡುನೀರು ತಿಂದಿತ್ತು. ಉಜ್ಜಿ ತೆಗೆದು ಮತ್ತೆ ಬೆಸೆದ. ಮುಂದಿನ ರಿಪೇರಿಯ ಹೊತ್ತಿಗೆ ಹೊಸ ಬೆಸುಗೆಯ ಪಕ್ಕ ಇನ್ನೊಂದು. ಕಾಯಿಸದೆ ರಿಪೇರಿಯಿಲ್ಲ, ಕಾಯಿಸಿದರೆ ಬಿರುಕು. ಅವನ ನಿದ್ದೆ ಹಾರಿಹೋಯಿತು.

ಅಷ್ಟರಲ್ಲಿ ಆ ವರ್ಷ ಅವನ ಮೈ ತಾಳಬಹುದಾದ ವಿಕಿರಣದ ಮಿತಿ ಮುಗಿಯಿತು. ಎದೆಯ ಮೇಲಿನ ಬ್ಯಾಡ್ಜ್ ಅದನ್ನು ಅಳೆಯುತ್ತಿತ್ತು. ಇನ್ನು ಒಳಗೆ ಹೋಗುವಂತಿಲ್ಲ. ಗುತ್ತಿಗೆದಾರ, ಕುಮಾಜಿಯ ಹೆಂಡತಿ ನಾಮಿಯೆಯ ತಮ್ಮ ಇಸಾವೊನನ್ನು ಕಳಿಸುತ್ತೇನೆಂದ. ಬೇರೆ ಯಾರನ್ನಾದರೂ ಕಳಿಸಿ ಎಂದು ಕುಮಾಜಿ ಅಂಗಲಾಚಿದ. ಬೇರೆ ಬೆಸುಗೆಗಾರರ ಮಿತಿಯೂ ಮುಗಿದಿತ್ತು.

ವಿಕಿರಣದ ಧೂಳು ಒಳಹೋಗದಂತೆ ಇಸಾವೊ ಹಾಕಿದ್ದ ಮುಖವಾಡದ ಗಾಜು ಒಳಗಿನ ಸೆಕೆಗೆ ಮಬ್ಬಾಯಿತು. ಮುಖವಾಡವನ್ನೇ ಕಿತ್ತೆಸೆದು, ಬೆಸುಗೆಯ ಕಪ್ಪು ಗಾಜೊಂದನ್ನೇ ಹಿಡಿದು ಬೆಸೆಯತೊಡಗಿದ. ಬಾಗಿಲಲ್ಲಿದ್ದ ಕುಮಾಜಿ ನೋಡಿದವನೇ ತನ್ನ ಬ್ಯಾಡ್ಜ್ ಬಿಚ್ಚಿ ಹೊರಗಿಟ್ಟು ಒಳಗೆ ನುಗ್ಗಿದ.

“ಏಳೋ, ಹೊರಗ್ ನಡಿ.”

“ಇನ್ನರ್ಧ ಇದೆ ಭಾವ. ನಿಮ್ದು ಮುಗಿದೋಗಿದೆ, ನೀವ್ಯಾಕ್ ಬಂದ್ರಿ?”

“ನಂದು ಹೇಗೂ ಮುಗಿದಿದೆ. ನಿಮ್ಮಕ್ಕನಿಗೆ ನಾನು ಮುಖ ತೋರಿಸ್ಬೇಕಲ್ಲ. ನಡಿ.”

ರಟ್ಟೆ ಹಿಡಿದು ಅವನನ್ನು ಹೊರಗೆ ತಳ್ಳಿದ. ಉಳಿದದ್ದನ್ನು ತಾನೇ ಬೆಸೆದ. ಆಮೇಲೂ ಹಾಗೆ ಎಷ್ಟೋ ಸಲ ಬ್ಯಾಡ್ಜ್ ಬಿಚ್ಚಿಟ್ಟು ಹೋದನಂತೆ. ಗುತ್ತಿಗೆದಾರ ಕಂಡೂ ಕಾಣದಂತಿದ್ದ.

ಕೆಲವು ವರ್ಷಗಳಲ್ಲಿ ಕುಮಾಜಿಯ ರಕ್ತ ಕೆಟ್ಟಿತು, ಹಾಸಿಗೆ ಹಿಡಿದ. ನಾಮಿಯೆ ಗುತ್ತಿಗೆದಾರನ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿ ಸಹಾಯ ಕೇಳಿದಳು. ಮಿತಿ ಮೀರಿ ಅವನು ಒಳಗೆ ಹೋದದ್ದೇ ಇಲ್ಲ, ಬ್ಯಾಡ್ಜ್ ನೋಡಿ ಎಂದ ಗುತ್ತಿಗೆದಾರ. ನಾನೇ ಕಣ್ಣಾರೆ ಕಂಡಿದ್ದೇನೆ ಎಂದ ಇಸಾವೊನ ಕೆಲಸ ಹೋಯಿತು. ಆ ಕೊಳವೆಗಳನ್ನು ಅಷ್ಟರಲ್ಲಿ ಕತ್ತರಿಸಿ, ಸುಲಭಕ್ಕೆ ಬಿರುಕು ಬಿಡದ ಬೇರೆ ಸ್ಟೀಲ್ ಹಾಕಿದ್ದರು. ಇದನ್ನು ಕುಮಾಜಿಗೆ ಯಾರೂ ಹೇಳಿರಲಿಲ್ಲ.

ನಾನು ಗಂಜಿ ಒಯ್ದ ದಿನ ಇಸಾವೊ ಅವನ ಕಾಲು ಒತ್ತುತ್ತಿದ್ದ. ಕುಮಾಜಿ ಕಣ್ಣು ಬಿಟ್ಟು ಕೇಳಿದ: “ನಮ್ಮ ಬೆಸುಗೆ ಹಿಡ್ಕೊಂಡಿದೆಯೇನೋ?”

“ಹಿಡ್ಕೊಂಡಿದೆ ಭಾವ.”

ಕುಮಾಜಿ, ಕಣ್ಣು ತಪ್ಪಿಸಿದ ಇಸಾವೊನ ಮುಖವನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ಹೊರಳಿದ. ಗಂಜಿ ಮುಟ್ಟಲಿಲ್ಲ.